ಹದಿನೈದು ದಿನ ಮೋತ್ಯಾನನ್ನು ನೋಡಬೇಡಿ ಎಂದಿದ್ದೆ

ಡಿಸೆಂಬರ್ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ ಒಂಬತ್ತೂ ಕಾಲು. ಸ್ಥಳ, ಇಂಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಪಶು ಆಸ್ಪತ್ರೆಯ ಹೊರಗಿನ ಕಟ್ಟೆ. ಹಾಜರಿದ್ದವರು ನಾನು, ನಮ್ಮ ವೈದ್ಯೆ ಡಾ. ಸುಷ್ಮಾ, ರೊಟ್ಟಿ ಮಾಡಿ ಮಾರುವ ಶಾಂತವ್ವ ಮತ್ತು ಆಕೆಯ ನಾಯಿ ಮೋತ್ಯಾ.

ಹೀಗೆ ಶುರು ಮಾಡುವುದನ್ನು ಕಲಿಸಿದವರು ನನ್ನ ಮೊದಲ ಮೇಲಧಿಕಾರಿ. ಆಗ ನಾನು ಸಿಂದಗಿ ತಾಲೂಕಿನ ಯಂಕಂಚಿಯಲ್ಲಿದ್ದೆ. ಕರು ಹಾಕಿದ ಒಂದು ಎಮ್ಮೆಗೆ ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಮರುದಿನ ಆ ಮೇಲಧಿಕಾರಿ ಡಾಕ್ಟರು ಬಂದು, ಕರು ಹಾಕಿ ಎಷ್ಟು ತಾಸಾಯಿತು ಎಂದು ಕೇಳಿದರು. ನಾನು ಬರೆದಿಟ್ಟಿರಲಿಲ್ಲ. ಅಂದಾಜಿನಲ್ಲಿ ಹೇಳಿದೆ. ಅಂದಾಜು ತಪ್ಪಿತು, ಎಮ್ಮೆ ವಾರಗಟ್ಟಲೆ ನರಳಿತು. ಅವರು ಬೈಯಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಹೇಳಿದರು:

"ಯಾವ ದಿನ, ಎಷ್ಟ ಗಂಟೆ, ಯಾರ್ಯಾರ ಇದ್ದರು. ಇಷ್ಟ ಮೊದಲ ಬರಿ. ಆಮ್ಯಾಲ ನಿನ್ನ ಪುರಾಣ."

ಅಂದಿನಿಂದ ನಿವೃತ್ತಿಯ ದಿನದವರೆಗೆ ಹಾಗೇ ಬರೆದೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ, ಮೊದಲು ಫ್ರಿಜ್ಜಿನ ತಾಪಮಾನ, ಆಮೇಲೆ ಔಷಧಿ ಪೆಟ್ಟಿಗೆ, ಆಮೇಲೆ ಜನ. ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ಮನೆಗೆ ಬಂದು, ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆಗಳ ವಿಷಯದಲ್ಲಿ ಹೇಳುವಂಥದ್ದು ಏನೂ ಇಲ್ಲ. ನಾನು ವೈದ್ಯನಲ್ಲ, ವೈದ್ಯರ ಕೈಕೆಳಗಿನ ಸಹಾಯಕ; ಜಾನುವಾರು ಅಧಿಕಾರಿ ಎಂದು ಹುದ್ದೆಯ ಹೆಸರು ಬದಲಾದರೂ ಊರವರು ಮೊದಲಿನಿಂದ ಕೊನೆಯವರೆಗೆ ಡಾಕ್ಟ್ರು ಎಂದೇ ಕರೆದರು. ಗಾಜಿನ ಸಿರಿಂಜನ್ನು ಸ್ಟವ್ ಮೇಲೆ ಕುದಿಸುತ್ತಿದ್ದೆವು, ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ಈಗ ಎಲ್ಲವೂ ಸುಲಭವಾಗಿದೆ. ಹೇಳಬೇಕಾದ್ದು ತಪ್ಪುಗಳ ಬಗ್ಗೆ. ಅವುಗಳಲ್ಲಿ ಎರಡು ಚಿಕ್ಕವು, ಒಂದು ದೊಡ್ಡದು.

ಮೊದಲನೆಯದು ಮುದ್ದೇಬಿಹಾಳ ಕಡೆಯದು. ಕುರಿ ಹಿಂಡಿಗೆ ಲಸಿಕೆ ಹಾಕುತ್ತಿದ್ದಾಗ ಫೋನ್ ಬಂತು. ಮಾತಾಡುತ್ತಲೇ ಕೆಲಸ ಮುಂದುವರಿಸಿದೆ. ಗುರುತಿನ ಬಣ್ಣ ಹಚ್ಚುವುದು ತಪ್ಪಿ ಕೆಲವು ಕುರಿಗಳಿಗೆ ಎರಡು ಸಲ ಚುಚ್ಚಿದೆ, ಕೆಲವಕ್ಕೆ ಚುಚ್ಚಲೇ ಇಲ್ಲ. ಕುರುಬರ ಯಜಮಾನ ನಗುತ್ತಲೇ ಹೇಳಿದ, "ಡಾಕ್ಟ್ರ, ನನ್ನ ಕುರಿ ನಿಮ್ಮ ಫೋನಿನಕಿಂತಾ ಜಾಸ್ತಿ ಒದರತಾವು, ಆದ್ರೂ ನಿಮಗ ಕೇಳಲಿಲ್ಲ." ಅಂದಿನಿಂದ ಲಸಿಕೆ ಮುಗಿಯುವವರೆಗೆ ಫೋನ್ ಬಂದ್ ಮಾಡಿ ಪೆಟ್ಟಿಗೆಯಲ್ಲಿ ಇಡುವುದು ನನ್ನ ನಿಯಮವಾಯಿತು.

ಎರಡನೆಯದು ಬಸವನ ಬಾಗೇವಾಡಿಯದು. ನಮ್ಮ ಕಡೆ ಎತ್ತು ಮಾರಿದವರು ತಮ್ಮ ಹಗ್ಗ ಬಿಚ್ಚಿಕೊಂಡು ಹೋಗುತ್ತಾರೆ. ಕೊಂಡವರು ತಾವು ತಂದ ಹೊಸ ಹಗ್ಗ ಹಾಕುತ್ತಾರೆ. ಹಳೆಯ ಮನೆಯ ವಾಸನೆ ಎತ್ತಿನ ಜೊತೆ ಹೋಗಬಾರದು ಎಂಬುದು ರೂಢಿ. ಎತ್ತು ಕಿತ್ತುಕೊಂಡು ಹಳೆಯ ಮನೆಗೆ ಬಂದರೆ ಅದಕ್ಕೆ ಒಂದು ಹಿಡಿ ಮೇವೂ ಹಾಕಬಾರದು. ನಾನು ಮಧ್ಯಸ್ಥಿಕೆ ವಹಿಸಿ ಕೊಡಿಸಿದ ಒಂದು ಎತ್ತು ಹೀಗೆ ಹಿಂದಿರುಗಿ ಬಂತು. ಹಳೆಯ ಒಡೆಯ ಏನು ಮಾಡಲಿ ಎಂದು ಕೇಳಿದ. ಪಾಪ, ಒಂದು ಕಂತೆ ಜೋಳದ ಕಣಕಿ ಹಾಕಿ ಕಳಿಸು ಎಂದೆ. ಆಮೇಲೆ ಅದು ಮೂರು ಸಲ ಹಗ್ಗ ಹರಿದುಕೊಂಡು ಬಂತು. ವ್ಯವಹಾರ ಮುರಿಯಿತು. ಎರಡು ಮನೆಯವರು ಮಾತು ಬಿಟ್ಟರು. ಮರುಕಕ್ಕೆ ನನ್ನ ಕೆಲಸದಲ್ಲಿ ಜಾಗವಿಲ್ಲ ಎಂದು ಅಂದು ತೀರ್ಮಾನಿಸಿದೆ.

ದೊಡ್ಡ ತಪ್ಪು ಈ ಎರಡು ಪಾಠಗಳನ್ನು ಚೆನ್ನಾಗಿ ಕಲಿತದ್ದರಿಂದಲೇ ಆಯಿತು.

ಶಾಂತವ್ವ ಮತ್ತು ನೀಲವ್ವ ನೆಗೆಣ್ಣಿಯರು, ಅಣ್ಣ ತಮ್ಮಂದಿರ ಹೆಂಡಿರು. ಇಬ್ಬರ ಗಂಡಂದಿರೂ ತೀರಿಕೊಂಡ ಮೇಲೆ ಇಂಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ಎಪ್ಪತ್ತು ದಾಟಿದವರು. ಮೋತ್ಯಾ ಅವರ ಬಾಗಿಲಲ್ಲಿ ಮರಿಯಾಗಿ ಬಂದು ಬಿದ್ದು ಅಲ್ಲೇ ಬೆಳೆದದ್ದು. ಕಂದು ಮೈ, ಹರಿದ ಎಡಗಿವಿ, ಆರು ವರ್ಷ. ಆ ಚಳಿಗಾಲದ ಮೊದಲಿಗೆ ನೀಲವ್ವನಿಗೆ ಲಕ್ವಾ ಹೊಡೆದು ಒಂದು ಕೈ, ಒಂದು ಕಾಲು ಸೋತವು. ಕೋಲು ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಾಗ ನಾಯಿ ಕಾಲಿಗೆ ಸುತ್ತಿಕೊಂಡು ಎರಡು ಸಲ ಬಿದ್ದರು. ಶಾಂತವ್ವನಿಗೆ ಮೊಣಕಾಲು ನೋವು, ನಾಯಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ. ಮೂರು ತಿಂಗಳು ಮನೆಯಲ್ಲಿ ನಾಯಿ ಬೇಡ ಎಂದು ನೀಲವ್ವನ ಡಾಕ್ಟರು ಹೇಳಿದ್ದರು.

ಆ ಗುರುವಾರ ಶಾಂತವ್ವ ಕಟ್ಟೆಯ ಮೇಲೆ ಕುಳಿತು ಹೇಳಿದರು, "ಯಾರರ ಮೂರ ತಿಂಗಳ ಇಟಗೊಂಡ್ರ ಸಾಕ್ರಿ. ನೀಲವ್ವ ಕೋಲ ಬಿಟ್ಟ ಕೂಡ್ಲೆ ನಾನ ಹೋಗಿ ಕರಕೊಂಡ ಬರ್ತೇನಿ. ಇದು ಇಲ್ದ ನಮಗ ಮನಿ ಅಲ್ಲರಿ ಅದು."

ಇದು ನಮ್ಮ ಇಲಾಖೆಯ ಯಾವ ನಮೂನೆಯಲ್ಲೂ ಇಲ್ಲದ ಕೆಲಸ. ಆದರೂ ಒಪ್ಪಿಕೊಂಡೆ. ಒಂದು ಹಾಳೆಯ ಮೇಲೆ ಅಂಕಣ ಹಾಕಿದೆ: ಬೇಲಿ, ನೆರಳು, ನೀರು, ಬೇರೆ ನಾಯಿ, ಹಗಲು ಮನೆಯಲ್ಲಿ ಇರುವವರು, ಲಸಿಕೆಯ ಕಾರ್ಡು. ಡಾ. ಸುಷ್ಮಾ ಮೊಬೈಲ್ ಗ್ರೂಪಿನಲ್ಲಿ ಮೋತ್ಯಾನ ಫೋಟೋ ಹಾಕಿದರು. ಆಕೆ ಮಂಡ್ಯ ಕಡೆಯ ಹುಡುಗಿ, ನನ್ನ ಮಗಳ ವಯಸ್ಸು, ಆದರೆ ನನ್ನ ಮೇಲಧಿಕಾರಿ. ಹಿಂದೆ ಸಂತೆಯಲ್ಲಿ ನಾಲ್ಕು ವಾರ ಬಾಯಿಂದ ಬಾಯಿಗೆ ಹೋಗುತ್ತಿದ್ದ ಸುದ್ದಿ ಅರ್ಧ ಗಂಟೆಯಲ್ಲಿ ನಾಲ್ಕು ತಾಲೂಕು ಮುಟ್ಟಿತು. ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ.

"ಜಾತಿ ಯಾವುದ್ರಿ?"

"ನಾಯಿ ಜಾತಿ" ಎಂದು ಉತ್ತರ ಕೊಟ್ಟು ಕೊಟ್ಟು ಸಾಕಾಯಿತು.

ಸಿಂದಗಿಯ ಒಬ್ಬರು ಒಪ್ಪಿದರು, ಹೋಗಿ ನೋಡಿದರೆ ಹಗಲಿಡೀ ಮಾಳಿಗೆಯ ಮೇಲೆ ಸರಪಳಿಯಲ್ಲಿ ಕಟ್ಟುವ ಯೋಚನೆ. ಮುದ್ದೇಬಿಹಾಳದ ಹಳೆಯ ಸಹೋದ್ಯೋಗಿಯ ಕೊಟ್ಟಿಗೆ ಚೆನ್ನಾಗಿತ್ತು, ಆದರೆ ಅಲ್ಲಿದ್ದ ಎರಡು ನಾಯಿಗಳು ನನ್ನನ್ನೇ ಒಳಗೆ ಬಿಡಲಿಲ್ಲ. ಕೊನೆಗೆ ಝಳಕಿಯ ದಸ್ತಗೀರಸಾಬ ಫೋನ್ ಮಾಡಿದ. ನಿಂಬೆ ತೋಟ, ತೋಟದಲ್ಲೇ ಮನೆ, ಗಂಡ ಹೆಂಡತಿ ಹಗಲಿಡೀ ಅಲ್ಲೇ ಇರುವವರು.

"ಹಂದಿ ಕಾಟ ಐತ್ರಿ ಸಾಹೇಬ್ರ, ನಮಗೂ ಒಂದ ನಾಯಿ ಬೇಕಾಗಿತ್ತು" ಎಂದ. "ಮನಿಯೊಳಗ ನಮ್ಮವ್ವ ಬಿಡೂದಿಲ್ಲ, ಅದನ್ನ ಮೊದಲ ಹೇಳತೇನಿ. ತೋಟದಾಗ ಮಾತ್ರ ಅದಾ ಮಾಲಕ."

ನನ್ನ ಹಾಳೆಯ ಎಲ್ಲ ಅಂಕಣಗಳೂ ತುಂಬಿದವು. ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಮೋತ್ಯಾನನ್ನು ಒಪ್ಪಿಸುವುದೆಂದಾಯಿತು.

ದಸ್ತಗೀರಸಾಬ ತನ್ನ ಟಂಟಂ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಶಾಂತವ್ವ ಹರಿದ ಕೌದಿಯ ತುಂಡು, ಅಲ್ಯುಮಿನಿಯಂ ತಾಟು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಹೊಂದಿಸಿ ಇಟ್ಟಿದ್ದರು. ನೀಲವ್ವ ಮಂಚದ ಮೇಲೆ ಕುಳಿತಿದ್ದರು.

"ಈಕಿ ಬಿದ್ದದ್ದ ನಾಯಿ ಸಂಬಂಧ ಅಲ್ಲರಿ" ಎಂದರು ಶಾಂತವ್ವ. "ತನ್ನ ಸೀರಿ ನೆರಿಗಿ ತಾನ ತುಳದ ಬಿದ್ಲು. ಹೆಸರ ಅದರ ಮ್ಯಾಲ ಬಂತು."

ನೀಲವ್ವ ಸೊಟ್ಟಗಾದ ಬಾಯಿಯಿಂದ ನಿಧಾನವಾಗಿ ಉತ್ತರಿಸಿದರು, "ನಾ ಬಿದ್ದಾಗ ಮೊದಲ ಒದರಿದ್ದ ಅದು. ನೀ ರೊಟ್ಟಿ ತಿರುವಿ ಹಾಕಿ ಆಮ್ಯಾಲ ಬಂದಿ."

"ಹೊತ್ತಿದ ರೊಟ್ಟಿ ನೀ ತಿಂತಿದ್ದೇನ?"

ಇಬ್ಬರೂ ನಕ್ಕರು. ನಾನು ಗಡಿಯಾರ ನೋಡಿದೆ. ಮೋತ್ಯಾನ ಕೊರಳಿನ ಹಳೆಯ ಹಗ್ಗ ಬಿಚ್ಚಿ ಶಾಂತವ್ವನ ಕೈಗೆ ಕೊಟ್ಟು, ನಾನು ತಂದಿದ್ದ ಹೊಸ ಪಟ್ಟಿ ಹಾಕಿದೆ. ಕೌದಿ ಬೇಡ, ತಾಟು ಬೇಡ, ರೊಟ್ಟಿಯೂ ಬೇಡ ಎಂದೆ. ಅಲ್ಲಿಯದೇ ಹಾಸಿಗೆ, ಅಲ್ಲಿಯದೇ ಅನ್ನ.

"ಒಂದ ಮಾತ ಬರಕೋರಿ" ಎಂದರು ಶಾಂತವ್ವ. "ರೊಟ್ಟಿ ಬಡಿಯೂ ಸಪ್ಪಳ ಕೇಳದ ಇದು ಬಾಯಿ ಇಡೂದಿಲ್ಲ. ಸಣ್ಣದಿದ್ದಾಗಿಂದ ಹಂಗ. ನಾ ಬಡಿಯಾಕ ಕುಂತ್ರ ಬಂದ ತಾಟಿನ ಮುಂದ ಕುಂದರತೈತಿ."

ನನ್ನ ಹಾಳೆಯಲ್ಲಿ ಅದಕ್ಕೆ ಅಂಕಣ ಇರಲಿಲ್ಲ. ನಾನು ಬರೆಯಲಿಲ್ಲ.

ಡಾ. ಸುಷ್ಮಾ ಅಂದು ರಜೆಯ ದಿನವಾದರೂ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಸರ್, ನಾಯಿ ಎತ್ತಲ್ಲ. ಹಳೇ ಬಟ್ಟೆ ಜೊತೇಲಿದ್ರೆ ಅದಕ್ಕೆ ಧೈರ್ಯ ಇರುತ್ತೆ. ಇವರೂ ವಾರಕ್ಕೊಂದ್ಸಲ ಹೋಗಿ ಬರಲಿ. ಈಗೆಲ್ಲ ಹಾಗೇ ಮಾಡೋದು."

"ಮೇಡಂ, ಮೂವತ್ತು ವರ್ಷದಿಂದ ಪ್ರಾಣಿಗಳನ್ನು ಮನೆ ಬದಲಿಸಿ ಕೊಟ್ಟಿದ್ದೇನೆ" ಎಂದೆ.

ಅವರು ಸುಮ್ಮನಾದರು. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು. ಹೊಸಬರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ, ಅಂಥ ಮರ್ಯಾದೆ ಕೊಡಬೇಡಿ. ನನ್ನಂಥವರು ತಪ್ಪು ಮಾಡುತ್ತಿರುವುದು ಕಂಡರೆ ಇನ್ನೊಂದು ಸಲ ಹೇಳಿ.

ಶಾಂತವ್ವನಿಗೆ ಮೂರು ಸೂಚನೆ ಕೊಟ್ಟೆ. ಹದಿನೈದು ದಿನ ಅದನ್ನು ನೋಡಲು ಹೋಗಬಾರದು. ಫೋನಿನಲ್ಲಿ ದನಿ ಕೇಳಿಸಬಾರದು. ಅಕಸ್ಮಾತ್ ಅದೇ ಹಿಂದಿರುಗಿ ಬಂದರೆ ಬಾಗಿಲು ತೆಗೆಯಬಾರದು, ತಿನ್ನಲು ಹಾಕಬಾರದು, ನನಗೆ ಫೋನ್ ಮಾಡಬೇಕು. ಹದಿನೈದನೇ ದಿನ ನಾನೇ ಆಟೋ ತಂದು ಝಳಕಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ಬಂದ್ರ ಒಂದ ತುತ್ತ ಹಾಕಿದ್ರ ಏನಾಗತೈತ್ರಿ?"

"ಒಂದು ತುತ್ತು ಹಾಕಿದಿರೋ, ಅದು ಅಲ್ಲಿ ಎಂದೂ ನಿಲ್ಲೂದಿಲ್ರಿ ಅವ್ವಾರ. ಅದರ ಒಳ್ಳೇದಕ್ಕ ಹೇಳಾಕತ್ತೇನಿ."

"ಅದರ ಒಳ್ಳೇದಕ್ಕ ಅಂದ್ರ ಆತು ಬಿಡ್ರಿ" ಎಂದರು. ಹೇಳಿದ ಮಾತನ್ನು ಹೇಳಿದಷ್ಟೇ ನಡೆಸುವ ಹೆಂಗಸು. ಅದು ನನಗೆ ಆಗಲೇ ತಿಳಿದಿತ್ತು, ಮೆಚ್ಚುಗೆಯೂ ಆಗಿತ್ತು.

ಮೂರನೇ ದಿನ ದಸ್ತಗೀರಸಾಬ ಫೋನ್ ಮಾಡಿ, ನೀರು ಕುಡಿಯುತ್ತದೆ, ಏನೂ ತಿನ್ನುವುದಿಲ್ಲ ಎಂದ. ಹೊಸ ಜಾಗ, ತಡೆಯಿರಿ ಎಂದೆ. ಐದನೇ ದಿನ ಅವನ ಹೆಂಡತಿ ಹಸೀನಾ ಮಾತಾಡಿದಳು. ಹಾಲು ಇಟ್ಟರೂ ಅಷ್ಟೇ, ತತ್ತಿ ಇಟ್ಟರೂ ಅಷ್ಟೇ, ಗೋಡೆಗೆ ಮುಖ ಮಾಡಿ ಮಲಗುತ್ತದೆ ಎಂದಳು. ಹಸಿವಾದರೆ ತಾನೇ ತಿನ್ನುತ್ತದೆ ಎಂದೆ. ಶಾಂತವ್ವ ಹೇಳಿದ್ದ ಮಾತು ನನಗೆ ನೆನಪಾಗಲಿಲ್ಲ, ಏಕೆಂದರೆ ಬರೆದುಕೊಂಡಿರಲಿಲ್ಲ.

ಎಂಟನೇ ದಿನ ಸಂಜೆ ಅದು ಹಗ್ಗ ಕಡಿದುಕೊಂಡು ಹೋಯಿತು. ದಸ್ತಗೀರಸಾಬ ಅಕ್ಕಪಕ್ಕದ ತೋಟಗಳಲ್ಲಿ ಹುಡುಕಿ, ಬಂದೀತು ಎಂದು ಕಾದು, ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡಿದ. ಅಂದು ಸೋಮವಾರ, ನನಗೆ ದೂರದ ಹಳ್ಳಿಯಲ್ಲಿ ಲಸಿಕೆಯ ಶಿಬಿರ. ಏಳಕ್ಕೆ ಅಲ್ಲಿ ಮುಟ್ಟಿ ಫೋನ್ ಬಂದ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮಧ್ಯಾಹ್ನ ಎರಡಕ್ಕೆ ತೆಗೆದಾಗ ದಸ್ತಗೀರಸಾಬನ ಎರಡು ಕರೆ, ಶಾಂತವ್ವನ ಹನ್ನೊಂದು ಕರೆ ಬಂದಿದ್ದವು.

ಅವರ ಮನೆಗೆ ನಾನು ಮುಟ್ಟಿದ್ದು ಮೂರೂವರೆಗೆ. ಒಲೆ ಆರಿತ್ತು. ಹಿಟ್ಟು ನಾದುವ ಕೊಣಮಿಗೆಯಲ್ಲಿ ಕಲಸಿದ ಜೋಳದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಶಾಂತವ್ವ ಬಾಗಿಲ ಹಿಂದೆ ನೆಲದ ಮೇಲೆ ಕುಳಿತಿದ್ದರು. ಬಾಗಿಲ ಹೊರಗಡೆ, ಕೆಳಗಿನ ಹಲಗೆಯಲ್ಲಿ, ಉಗುರಿನ ಗೀರುಗಳು ಹೊಸದಾಗಿ ಬಿಳಿಯಾಗಿ ಕಾಣುತ್ತಿದ್ದವು.

"ಎಂಟಕ್ಕ ಬಂತ್ರಿ" ಎಂದರು. "ನಾ ರೊಟ್ಟಿ ಬಡಿಯಾಕತ್ತಿದ್ದೆ. ಬಾಗಲಾ ಕೆರದ ಸಪ್ಪಳಾತು. ಅದಾ ಅಂತ ಗೊತ್ತಾತು. ಬಡಿಯೂದ ನಿಲ್ಲಿಸಿದೆ, ಕೇಳಸಬಾರದಂತ. ನಿಮಗ ಫೋನ್ ಹಚ್ಚಿದೆ, ಹತ್ತಲಿಲ್ಲ."

"ಆಮ್ಯಾಲ?"

"ಬೊಗಳಲಿಲ್ರಿ. ಕೆರದ ಕೆರದ ಕುಂಡ್ರೂದು, ಮತ್ತ ಕೆರಿಯೂದು. ನಾ ಒಳಗಿಂದ 'ಹೋಗು' ಅಂದೆ. ನನ್ನ ದನಿ ಕೇಳಿ ಬಾಲಾ ಬಾಗಲಕ್ಕ ಬಡಿಯಾಕತ್ತು. ಖುಷಿಯಾಗಿತ್ತರಿ ಅದಕ್ಕ. ಮತ್ತ 'ಹೋಗು' ಅಂದೆ. ಎಷ್ಟ ಸಲ ಅಂದೆನೋ ಗೊತ್ತಿಲ್ಲ. ಕಡೀಕ ಬಾಲಾ ಬಡಿಯೂದ ನಿಂತತು."

ನೀಲವ್ವ ಮಂಚದಿಂದ ಹೇಳಿದರು, "ಬಾಗಲಾ ತಗಿ ಅಂತ ನಾ ಒದರಿದೆ. ನನ್ನ ಬಾಯಾಗಿಂದ ಅರ್ಧಾ ಮಾತ ಹೊರಗ ಬರತೈತಿ. ಆ ಅರ್ಧಾನೂ ಆಕಿ ಕೇಳಲಿಲ್ಲ."

"ಹೇಳಿದ್ರಲ್ಲ ಇವರು" ಎಂದರು ಶಾಂತವ್ವ, ನನ್ನತ್ತ ನೋಡದೆ. "ಅದರ ಒಳ್ಳೇದಕ್ಕ ಅಂತ."

ಒಳಗಿದ್ದ ಒಬ್ಬಳು ಮುದುಕಿ ಎರಡು ಮಾರು ದೂರದಲ್ಲಿ ಬಾಗಿಲು ತೆಗೆಯದೆ ಕುಳಿತದ್ದು ನನ್ನ ಮಾತಿನಿಂದ. ನಾನು ಫೋನ್ ಎತ್ತಿದ್ದರೆ ತೆಗೆಯಿರಿ ಎನ್ನುತ್ತಿದ್ದೆನೇ? ಇಲ್ಲ. ಇನ್ನೂ ಗಟ್ಟಿಯಾಗಿ ಬೇಡ ಎನ್ನುತ್ತಿದ್ದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೋತ್ಯಾ ಝಳಕಿ ರಸ್ತೆ ಹಿಡಿದು ಹೋಗುವುದನ್ನು ಪಕ್ಕದ ಮನೆಯವರು ನೋಡಿದ್ದರು. ಅಂದು ಸಂಜೆಯವರೆಗೆ, ಮರುದಿನವಿಡೀ, ಮೋಟಾರ್ ಸೈಕಲ್ ಮೇಲೆ ಹುಡುಕಿದೆ. ಧಾಬಾಗಳಲ್ಲಿ ಕೇಳಿದೆ. ಬುಧವಾರ ಬೆಳಿಗ್ಗೆ ದಸ್ತಗೀರಸಾಬನ ಫೋನ್ ಬಂತು. ನಾಯಿ ತಾನಾಗಿ ತೋಟಕ್ಕೆ ಬಂದಿದೆ, ಅಂಗಾಲುಗಳು ಒಡೆದಿವೆ, ಹಸೀನಾ ಹಾಕಿದ್ದನ್ನು ತಿಂದಿದೆ ಎಂದ. ಅಂದಿನಿಂದ ಅದು ದಿನವೂ ತಿಂದಿತು. ಮತ್ತೆ ಎಲ್ಲಿಗೂ ಹೋಗಲಿಲ್ಲ.

ನನಗೆ ಸಮಾಧಾನವಾಯಿತು. ಸಮಾಧಾನ ಮಾತ್ರವಲ್ಲ, ಹೆಮ್ಮೆಯೂ ಆಯಿತು. ಆಸ್ಪತ್ರೆಗೆ ಹೋಗಿ ಡಾ. ಸುಷ್ಮಾ ಅವರಿಗೆ ಹೇಳಿದೆ, "ನೋಡಿದಿರಾ ಮೇಡಂ, ಬಾಗಿಲು ತೆಗೆಯದಿದ್ದದ್ದಕ್ಕೇ ಅದು ನಿಂತಿತು."

ಅವರು ಔಷಧಿಯ ಚೀಟಿ ಬರೆಯುತ್ತಿದ್ದವರು ತಲೆ ಎತ್ತಿ ಕೇಳಿದರು, "ಶಾಂತಮ್ಮ ಹೇಗಿದ್ದಾರೆ ಸರ್?"

ನಾನು ಕೇಳಿರಲಿಲ್ಲ. ನಾಯಿ ಸಿಕ್ಕ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದ್ದೆ. ಅವರು "ಹೂಂ" ಎಂದು ಇಟ್ಟಿದ್ದರು. ಅಷ್ಟೇ.

ಹದಿನೈದನೇ ದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಆಟೋ ತೆಗೆದುಕೊಂಡು ಅವರ ಮನೆಗೆ ಹೋದೆ. ಮೋತ್ಯಾನ ವಾರ್ಷಿಕ ಲಸಿಕೆಯ ದಿನವೂ ಸಮೀಪಿಸಿತ್ತು, ಅದಕ್ಕೆಂದು ಐಸ್ ಡಬ್ಬಿ ತಂದಿದ್ದೆ. ಶಾಂತವ್ವ ರೊಟ್ಟಿ ಬಡಿಯುತ್ತಿದ್ದರು. ಹೊರಡುವ ತಯಾರಿ ಏನೂ ಕಾಣಲಿಲ್ಲ.

"ನಡೀರಿ ಅವ್ವಾರ, ಮೋತ್ಯಾನ್ನ ನೋಡಿ ಬರೂಣು."

"ನೀವ ಹೋಗಿ ಬರ್ರಿ."

"ಹದಿನೈದು ದಿನ ಆತಲ್ರಿ. ಇನ್ನ ಏನೂ ಅಡ್ಡಿಯಿಲ್ಲ."

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದರು. "ಅದರ ಮುಂದ ಹೋಗಿ ಏನಂತ ನಿಂದರಲ್ರಿ? ಅಷ್ಟ ದೂರ ನಡಕೊಂತ ಬಂದಿತ್ತು. ನಾ ಇದ್ದೂ ಇಲ್ಲ ಅನಿಸಿಕೊಂಡೆ."

"ನಾಯಿಗೆ ಅದೆಲ್ಲ ನೆನಪ ಇರೂದಿಲ್ರಿ. ನಿಮ್ಮನ್ನ ನೋಡಿದ್ರ ಓಡಿ ಬರತೈತಿ."

"ಓಡಿ ಬಂದ್ರ ಅದಕ್ಕಿಂತಾ ಕೆಟ್ಟ ಆಗತೈತ್ರಿ ನನಗ." ಕಟ್ಟಿಗೆ ಸರಿಸಿ ಒಲೆ ಸಣ್ಣ ಮಾಡಿದರು. "ಈಗ ಅಲ್ಲಿ ಉಣ್ಣಾಕತ್ತೈತಿ. ಅಲ್ಲೇ ಇರಲಿ. ಮೂರ ತಿಂಗಳದ ಮಾತ ಬಿಡ್ರಿ. ಮತ್ತ ಕರಕೊಂಡ ಬಂದ, ಮತ್ತ ನಮಗ ಏನರ ಆಗಿ, ಮತ್ತ ಬಾಗಲಾ ಹಾಕೂದು ನನ್ನ ಕಡಿಂದ ಆಗೂದಿಲ್ಲ. ದಸ್ತಗೀರಣ್ಣನ ಹೆಸರಿಗೆ ಮಾಡಿಬಿಡ್ರಿ."

ನೀಲವ್ವ ಕೋಲು ಹಿಡಿದು ಮಂಚದಿಂದ ಎದ್ದು, ನಾಲ್ಕು ಹೆಜ್ಜೆ ನಡೆದು ಒಲೆಯ ಹತ್ತಿರ ಬಂದು ನಿಂತರು. "ನಾ ಗುಣ ಆಗಾಕತ್ತೇನಿ" ಎಂದರು. "ನೋಡ, ಬಿದ್ದೆನ ಈಗ? ಇನ್ನ ಎಲ್ಡ ತಿಂಗಳ ತಡಿಯಾಕ ಏನಾಗೇತಿ ನಿನಗ?"

"ನೀ ಗುಣ ಆಗು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಡಾಕ್ಟ್ರ, ನೀವರ ಹೇಳ್ರಿ" ಎಂದು ನೀಲವ್ವ ನನ್ನನ್ನು ನೋಡಿದರು.

ಹದಿನೈದು ದಿನದ ಹಿಂದೆ ಅಷ್ಟು ಸಲೀಸಾಗಿ ಸೂಚನೆ ಕೊಟ್ಟವನಿಗೆ ಅಂದು ಒಂದು ಮಾತು ಬರಲಿಲ್ಲ. ತಪ್ಪು ನಿಮ್ಮದಲ್ಲ, ನನ್ನದು ಎಂದಾದರೂ ಹೇಳಬಹುದಿತ್ತು. ಆಟೋದವನು ಹೊರಗೆ ಹಾರ್ನ್ ಹೊಡೆದ. ಬರ್ತೇನ್ರಿ ಎಂದು ಹೊರಟುಬಿಟ್ಟೆ. ಆ ಮಾತನ್ನು ಆಮೇಲೆ ಹಲವು ಸಲ ಅವರ ಮನೆಗೆ ಹೋಗಿ ಹೇಳಿದ್ದೇನೆ. "ಆತ ಬಿಡ್ರಿ" ಎನ್ನುತ್ತಾರೆ, ಚಹಾ ಕೊಡುತ್ತಾರೆ. ಆದರೆ ಅಂದು ಹೇಳಿದ್ದರೆ ಅವರು ಆಟೋ ಹತ್ತುತ್ತಿದ್ದರೇನೋ ಎಂಬ ಯೋಚನೆ ಹೋಗಿಲ್ಲ.

ಝಳಕಿಯ ತೋಟದಲ್ಲಿ ಹಸೀನಾ ಅಂಗಳ ಸಾರಿಸಿ ಚಾಪೆ ಹಾಸಿದ್ದಳು. ಶಾಂತವ್ವನಿಗೆ ಕೊಡಲು ನಿಂಬೆಹಣ್ಣು ಒಂದು ಚೀಲದಲ್ಲಿ ತುಂಬಿದ್ದಳು. ಆಟೋ ನಿಂತ ಕೂಡಲೇ ಮೋತ್ಯಾ ಓಡಿ ಬಂದ. ನನ್ನನ್ನು ಮೂಸಿದ. ಆಟೋದ ಹಿಂದಿನ ಸೀಟಿಗೆ ಮುಂಗಾಲು ಇಟ್ಟು ಒಳಗೆ ನೋಡಿದ. ಒಂದು ಸುತ್ತು ಹಾಕಿ ಆ ಬದಿಯಿಂದಲೂ ನೋಡಿದ. ಆಮೇಲೆ ನಿಂಬೆ ಗಿಡದ ಕೆಳಗೆ ಹೋಗಿ ಮಲಗಿದ.

"ಅವ್ವಾರ ಬರಲಿಲ್ಲೇನ್ರಿ?" ಎಂದು ದಸ್ತಗೀರಸಾಬ ಕೇಳಿದ.

ನಡೆದದ್ದನ್ನು ಹೇಳಿದೆ. ರೊಟ್ಟಿಯ ಸಪ್ಪಳದ ಮಾತನ್ನೂ ಹೇಳಿದೆ. ಹಸೀನಾ ನಿಂಬೆಯ ಚೀಲ ಕೆಳಗಿಟ್ಟಳು.

"ನಾನೂ ದಿನಾ ರೊಟ್ಟಿ ಬಡಿತೇನ್ರಿ ಸಾಹೇಬ್ರ, ಒಳಗ" ಎಂದಳು. "ಮೊದಲ ಹೇಳಿದ್ರ ಇಲ್ಲೇ ಅಂಗಳದಾಗ ಒಲಿ ಹಾಕತಿದ್ನಿಲ್ಲ?"

ನಾನು ಐಸ್ ಡಬ್ಬಿ ತೆರೆದೆ. ದಸ್ತಗೀರಸಾಬ ಮೋತ್ಯಾನ ತಲೆ ಹಿಡಿದ. ಲಸಿಕೆ ಹಾಕಿದೆ. ಅಂಗಾಲಿನ ಗಾಯಗಳನ್ನು ತೊಳೆದು ಮುಲಾಮು ಹಚ್ಚಿದೆ, ಒಣಗುತ್ತಿದ್ದವು. ಆಟೋದ ಸೀಟಿನ ಮೇಲೆ ಕಾರ್ಡು ಇಟ್ಟುಕೊಂಡು ಲಸಿಕೆಯ ಹೆಸರು, ತಾರೀಖು ತುಂಬಿದೆ. ಮಾಲೀಕರು ಎಂದಿದ್ದ ಕಡೆ ಶಾಂತವ್ವನ ಹೆಸರು ಆರು ವರ್ಷದ ಹಿಂದೆ ಬೇರೆ ಯಾರದೋ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ ಬರೆದದ್ದಿತ್ತು. ಅದರ ಮೇಲೆ ಒಂದು ಗೆರೆ ಎಳೆದೆ. ಕೆಳಗೆ ದಸ್ತಗೀರಸಾಬನ ಹೆಸರು ಬರೆದು, ಸಹಿ ಹಾಕಿ, ಕಾರ್ಡನ್ನು ಅವನ ಕೈಗೆ ಕೊಟ್ಟೆ. ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಾಗ ಹನ್ನೆರಡು ಗಂಟೆ ಹತ್ತು ನಿಮಿಷ.